ಕೈಯಲ್ಲಿ ಸಮಯ ಇರುವ ಒಬ್ಬರು

ಸೋಮವಾರ ಬೆಳಗ್ಗೆ ಮೊದಲ ಪೀರಿಯಡ್ ಮುಗಿಯುವ ಮೊದಲೇ ಒಬ್ಬ ಹುಡುಗಿ ಹೊಟ್ಟೆ ಹಿಡಿದುಕೊಂಡು ಶಾಲೆಯ ನರ್ಸ್ ರೂಮಿಗೆ ಬರುತ್ತಾಳೆ. ಜ್ವರ ಇಲ್ಲ, ವಾಂತಿ ಇಲ್ಲ, ಹೊಟ್ಟೆ ಒತ್ತಿ ನೋಡಿದರೆ ಮೆತ್ತಗಿದೆ. ಈ ತಿಂಗಳಲ್ಲಿ ಇದು ನಾಲ್ಕನೇ ಸಲ. ಮಾತ್ರೆ ಕೊಟ್ಟು, ರಿಜಿಸ್ಟರಿನಲ್ಲಿ 'ಹೊಟ್ಟೆನೋವು' ಅಂತ ಬರೆದು, ಎರಡೇ ನಿಮಿಷದಲ್ಲಿ ಕ್ಲಾಸಿಗೆ ವಾಪಸ್ ಕಳಿಸಬಹುದು. ಇಲ್ಲಾ, ಪಕ್ಕದಲ್ಲಿ ಕೂರಿಸಿಕೊಂಡು, ನೀರು ಕೊಟ್ಟು, ಅವಳಾಗಿಯೇ ಬಾಯಿ ಬಿಡುವವರೆಗೆ ಸುಮ್ನೆ ಕಾಯಬಹುದು. ಅದಕ್ಕೆ ಇಪ್ಪತ್ತು ನಿಮಿಷ ಬೇಕು.

ಅದೇ ಹೊತ್ತಿಗೆ ಒಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮುಗಿಸಿದ ನರ್ಸ್ ಬೆಳಗಿನ ಡ್ಯೂಟಿಗೆ ಬಂದವರಿಗೆ ಹ್ಯಾಂಡೋವರ್ ಕೊಡುತ್ತಿದ್ದಾರೆ. ಬಿಪಿ, ಶುಗರ್, ಡ್ರಿಪ್, ಯಾರಿಗೆ ಯಾವ ಇಂಜೆಕ್ಷನ್ ಬಾಕಿ, ಎಲ್ಲ ಹೇಳಿ ಮುಗಿಸಿದರು. ಕಿಟಕಿ ಪಕ್ಕದ ಬೆಡ್ಡಿನವರು ರಾತ್ರಿಯಿಡೀ ಗೋಡೆ ನೋಡುತ್ತಾ ಎಚ್ಚರವಾಗಿಯೇ ಇದ್ದರು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಮರೆತದ್ದಲ್ಲ. ಆ ಫಾರ್ಮಿನಲ್ಲಿ ಅದನ್ನು ಬರೆಯುವ ಜಾಗ ಇರಲಿಲ್ಲ.

ಮಾನಸಿಕ ಆರೋಗ್ಯ ನರ್ಸಿಂಗ್ ಸಂಶೋಧನೆ ಅಂದರೆ ಏನು ಅಂತ ಕೇಳಿದವರಿಗೆ ನಾನು ಈ ಎರಡು ಸಂಗತಿ ಹೇಳುತ್ತೇನೆ. ಇದು ಹೊಸ ಮಾತ್ರೆ ಕಂಡುಹಿಡಿಯುವ ಸಂಶೋಧನೆ ಅಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಏನಾಗುತ್ತದೆ, ಅದು ಸಿಕ್ಕರೆ ಯಾರಿಗೆ ಏನು ಒಳ್ಳೆಯದಾಗುತ್ತದೆ, ಸಿಗದಿದ್ದರೆ ಪೇಶೆಂಟ್‌ಗೂ ನರ್ಸ್‌ಗೂ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡುವ ಕೆಲಸ. ಆಸ್ಪತ್ರೆ ಮತ್ತು ಶಾಲೆ ಎರಡನ್ನೂ ಯಾಕೆ ಒಟ್ಟಿಗೆ ಇಟ್ಟು ಮಾತಾಡುತ್ತೇನೆ ಅಂದರೆ, ಎರಡೂ ಕಡೆ ಇನ್ನೊಬ್ಬರನ್ನು ನೋಡಿಕೊಳ್ಳುವವರೇ ಮೊದಲು ಸೋತು ಹೋಗಿರುತ್ತಾರೆ. ಮತ್ತೆ ಎರಡೂ ಕಡೆಯ ಸಂಶೋಧನೆ ತಿರುಗಿ ತಿರುಗಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ.

ಈ ಯೋಚನೆಗೆ ಗಟ್ಟಿ ಅಡಿಪಾಯ ಹಾಕಿದವರು ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್. ನರ್ಸ್ ಮತ್ತು ಪೇಶೆಂಟ್ ನಡುವೆ ಬೆಳೆಯುವ ಸಂಬಂಧವೇ ಚಿಕಿತ್ಸೆಯ ಭಾಗ ಅಂತ ಅವರು ಬರೆದ ಪುಸ್ತಕ 1952ರಲ್ಲಿ ಬಂತು. ಬರೆದು ಮುಗಿಸಿದ್ದು ಅದಕ್ಕೂ ನಾಲ್ಕು ವರ್ಷ ಮೊದಲೇ. ಒಬ್ಬ ಡಾಕ್ಟರ ಹೆಸರು ಜೊತೆಗಿಲ್ಲದೆ ನರ್ಸ್ ಒಬ್ಬರೇ ಇಂಥ ಪುಸ್ತಕ ತರುವುದು ಆಗಿನ ಕಾಲಕ್ಕೆ ಅತಿಯಾಯಿತು ಅಂತ ಪ್ರಕಟಣೆ ತಡವಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ದಿನಕ್ಕೆ ಎಂಟು ಹತ್ತು ಗಂಟೆ ಪೇಶೆಂಟ್ ಪಕ್ಕದಲ್ಲೇ ಇರುವವರಿಗೆ, ತಾವು ಕಂಡದ್ದನ್ನು ಹೇಳುವುದಕ್ಕೆ ಇನ್ನೊಬ್ಬರ ಸಹಿ ಬೇಕಿತ್ತು.

ಇನ್ನೊಂದು ಅಧ್ಯಯನ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅರವತ್ತು ವರ್ಷ ದಾಟಿದರೂ ಅದು ನಿನ್ನೆ ಬರೆದ ಹಾಗಿದೆ. ಲಂಡನ್ನಿನ ಒಂದು ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ಟ್ರೈನಿಂಗಿಗೆ ಸೇರಿದ ನರ್ಸ್‌ಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಮಧ್ಯದಲ್ಲೇ ಬಿಟ್ಟು ಹೋಗುತ್ತಿದ್ದರು. ಅಲ್ಲಿ ಕೂತು ನೋಡಿದವರು ಮನೋವಿಶ್ಲೇಷಕಿ ಇಸಬೆಲ್ ಮೆನ್ಜೀಸ್. 1960ರ ಸುಮಾರಿಗೆ ಅವರು ಬರೆದದ್ದು ಇದು: ಸಾವು, ನೋವು, ರಕ್ತ ಇವುಗಳ ಮಧ್ಯೆ ಕೆಲಸ ಮಾಡುವುದು ಸಹಜವಾಗಿಯೇ ದಿಗಿಲು ಹುಟ್ಟಿಸುತ್ತದೆ. ಆ ದಿಗಿಲು ತಟ್ಟದಿರಲಿ ಅಂತ ಆಸ್ಪತ್ರೆ ತನಗೇ ಗೊತ್ತಿಲ್ಲದ ಹಾಗೆ ಒಂದು ವ್ಯವಸ್ಥೆ ಮಾಡಿಕೊಂಡಿದೆ. ಕೆಲಸವನ್ನೆಲ್ಲ ಚೂರು ಚೂರು ಮಾಡಿ ಹಂಚಿದೆ. ಒಬ್ಬ ನರ್ಸ್ ಎಲ್ಲರ ಟೆಂಪರೇಚರ್ ನೋಡುತ್ತಾರೆ, ಇನ್ನೊಬ್ಬರು ಎಲ್ಲರಿಗೂ ಊಟ ಕೊಡುತ್ತಾರೆ, ಯಾರಿಗೂ ಒಬ್ಬ ಪೇಶೆಂಟ್ ಪೂರ್ತಿಯಾಗಿ ಸಿಗುವುದಿಲ್ಲ. ಹೆಸರಿನ ಬದಲು '10ನೇ ಬೆಡ್ಡಿನ ಲಿವರ್', '15ನೇ ಬೆಡ್ಡಿನ ನ್ಯುಮೋನಿಯಾ' ಅನ್ನುತ್ತಾರೆ. ಇದರಿಂದ ದಿಗಿಲು ಕಡಿಮೆಯಾಯಿತಾ ಅಂದರೆ, ಇಲ್ಲ. ಒಬ್ಬ ಮನುಷ್ಯನನ್ನು ಹತ್ತಿರದಿಂದ ನೋಡಿಕೊಂಡು, ಅವರು ಎದ್ದು ನಡೆದು ಮನೆಗೆ ಹೋಗುವುದನ್ನು ಕಂಡಾಗ ಸಿಗುವ ಸಮಾಧಾನ ಮಾತ್ರ ಕೈತಪ್ಪಿ ಹೋಯಿತು. ಆ ಸಮಾಧಾನಕ್ಕಾಗಿಯೇ ಈ ಕೆಲಸಕ್ಕೆ ಬಂದವರು ಮೊದಲು ಬಿಟ್ಟು ಹೋದರು.

ಮುಂದೆ ಈ ಸೋಲುವಿಕೆಗೆ ಒಂದು ಹೆಸರು ಬಂತು: ಬರ್ನ್‌ಔಟ್. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅದರ ಬಗ್ಗೆ ಬರೆದರು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯಲು 22 ಪ್ರಶ್ನೆಗಳ ಪಟ್ಟಿ ಮಾಡಿದರು. ಇವತ್ತಿಗೂ ನರ್ಸ್‌ಗಳ ಮೇಲಿನ ಅಧ್ಯಯನಗಳಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಇದೇ ಪಟ್ಟಿ. ಅದು ಮೂರು ವಿಷಯ ಅಳೆಯುತ್ತದೆ. ಮನಸ್ಸು ಎಷ್ಟು ಬಸವಳಿದಿದೆ, ಎದುರಿಗಿರುವವರನ್ನು ಮನುಷ್ಯರಂತೆ ನೋಡುವುದು ಎಷ್ಟು ತಪ್ಪಿ ಹೋಗಿದೆ, ನನ್ನ ಕೆಲಸದಿಂದ ಏನಾದರೂ ಪ್ರಯೋಜನ ಇದೆ ಅನ್ನುವ ನಂಬಿಕೆ ಎಷ್ಟು ಉಳಿದಿದೆ. ಎರಡನೆಯದನ್ನು ಗಮನಿಸಿ. ಅದು '10ನೇ ಬೆಡ್ಡಿನ ಲಿವರ್' ಅಲ್ವಾ?

ಹಾಗಂತ ಅಂಕಿ ಬಂದ ತಕ್ಷಣ ನಂಬಿಬಿಡಬಾರದು. ರಾತ್ರಿಯಿಡೀ ನಿಂತು ಕಾಲು ಊದಿಕೊಂಡಿರುವ ನರ್ಸ್ ಕೈಗೆ ಬೆಳಗ್ಗೆ ಏಳು ಗಂಟೆಗೆ ಈ ಕಾಗದ ಕೊಟ್ಟರೆ ಏನಾಗುತ್ತದೆ ಯೋಚಿಸಿ. ಬಸ್ ಹಿಡಿಯುವ ಆತುರ. ಪಕ್ಕದಲ್ಲಿ ವಾರ್ಡ್ ಇನ್‌ಚಾರ್ಜ್ ನಿಂತಿದ್ದಾರೆ. 'ಕೆಲವು ಪೇಶೆಂಟ್‌ಗಳ ಬಗ್ಗೆ ನನಗೆ ಏನೂ ಅನ್ನಿಸುವುದೇ ಇಲ್ಲ' ಅಂತ ಯಾರು ತಾನೇ ಗುರುತು ಹಾಕುತ್ತಾರೆ? ತೀರಾ ಸೋತವರು ಕಾಗದವನ್ನೇ ವಾಪಸ್ ಕೊಡುವುದಿಲ್ಲ. ಅದಕ್ಕಿಂತ ಸೋತವರು ಆಗಲೇ ಕೆಲಸ ಬಿಟ್ಟಿರುತ್ತಾರೆ, ಅವರು ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಒಳ್ಳೆಯ ಸಂಶೋಧಕರು ಎಷ್ಟು ಜನ ಉತ್ತರಿಸಿದರು ಅನ್ನುವುದರ ಜೊತೆಗೆ ಎಷ್ಟು ಜನ ಉತ್ತರಿಸಲಿಲ್ಲ ಅನ್ನುವುದನ್ನೂ ಬರೆಯುತ್ತಾರೆ. ಉತ್ತರಗಳನ್ನು ಮೇಲಧಿಕಾರಿಗಳು ನೋಡುವುದಿಲ್ಲ ಅನ್ನುವ ಭರವಸೆ ಕೊಡುತ್ತಾರೆ, ಅದನ್ನು ಉಳಿಸಿಕೊಳ್ಳುತ್ತಾರೆ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ರೋಗಪಟ್ಟಿಯಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಅನ್ನಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಹುಟ್ಟುವ ಸ್ಥಿತಿ ಅಂದಿತು. ಕೇಳಲು ಚಿಕ್ಕ ವ್ಯತ್ಯಾಸ. ಆದರೆ ಕಾಯಿಲೆ ಅಂದರೆ ಮದ್ದು ಕೊಡಬೇಕಾದದ್ದು ಆ ವ್ಯಕ್ತಿಗೆ. ಕೆಲಸದ ಜಾಗದಿಂದ ಹುಟ್ಟಿದ್ದು ಅಂದರೆ ಸರಿ ಮಾಡಬೇಕಾದದ್ದು ಆ ಜಾಗವನ್ನು.

ಜಾಗವನ್ನು ಸರಿ ಮಾಡುವುದು ಅಂದರೆ ಏನು? ಇಲ್ಲಿ ಲಿಂಡಾ ಐಕೆನ್ ಮತ್ತು ಜೊತೆಗಾರರ 2002ರ ಅಧ್ಯಯನ ಬರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳು, 10 ಸಾವಿರಕ್ಕೂ ಹೆಚ್ಚು ನರ್ಸ್‌ಗಳು, ಆಪರೇಷನ್ ಆದ 2 ಲಕ್ಷ 32 ಸಾವಿರಕ್ಕೂ ಹೆಚ್ಚು ಪೇಶೆಂಟ್‌ಗಳ ದಾಖಲೆ. ಒಬ್ಬ ನರ್ಸ್ ಮೇಲೆ ಒಬ್ಬ ಪೇಶೆಂಟ್ ಹೆಚ್ಚಾದಂತೆ, ಆ ನರ್ಸ್ ಬರ್ನ್‌ಔಟ್‌ಗೆ ಸಿಲುಕುವ ಸಾಧ್ಯತೆಯ ಪ್ರಮಾಣ 23% ಹೆಚ್ಚು ಇತ್ತು. ಪೇಶೆಂಟ್ 30 ದಿನದೊಳಗೆ ಸಾಯುವ ಸಾಧ್ಯತೆಯ ಪ್ರಮಾಣ 7% ಹೆಚ್ಚು ಇತ್ತು. ಈ 7% ಅಂದರೆ ನೂರರಲ್ಲಿ ಏಳು ಜನ ಹೆಚ್ಚು ಸತ್ತರು ಅಂತ ಅಲ್ಲ. ಮೊದಲೇ ಇದ್ದ ಸಣ್ಣ ಅಪಾಯ ಅದರದೇ ನೂರರಲ್ಲಿ ಏಳು ಪಾಲಿನಷ್ಟು ಮೇಲೇರಿತು ಅಂತ. ಇದು ಹೊರಗಿನಿಂದ ನೋಡಿ ಲೆಕ್ಕ ಹಾಕಿದ ಅಧ್ಯಯನ, ಪ್ರಯೋಗ ಅಲ್ಲ. ನರ್ಸ್‌ಗಳು ಕಡಿಮೆ ಇರುವ ಆಸ್ಪತ್ರೆಗಳಲ್ಲಿ ಬೇರೆ ಕೊರತೆಗಳೂ ಇರಬಹುದು, ಅವನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಲು ಅವರು ಸಾಕಷ್ಟು ಶ್ರಮ ಪಟ್ಟಿದ್ದಾರೆ. ಆದರೂ ನನಗೆ ಮುಖ್ಯ ಅನ್ನಿಸುವುದು ನರ್ಸಿನ ಸುಸ್ತು ಮತ್ತು ಪೇಶೆಂಟ್ ಜೀವ ಎರಡೂ ಒಂದೇ ಹಗ್ಗದ ಎರಡು ತುದಿ ಅಂತ ಒಂದೇ ಅಧ್ಯಯನದಲ್ಲಿ ಕಂಡದ್ದು.

ಆದರೆ ನರ್ಸ್‌ಗಳನ್ನು ಹೆಚ್ಚು ತೆಗೆದುಕೊಳ್ಳುವುದು ಖರ್ಚಿನ ಬಾಬ್ತು. ಯೋಗ ಕ್ಲಾಸು, ಧ್ಯಾನದ ಆ್ಯಪ್, 'ಒತ್ತಡ ಎದುರಿಸುವುದು ಹೇಗೆ' ಅನ್ನುವ ಅರ್ಧ ದಿನದ ಟ್ರೈನಿಂಗ್ ಸುಲಭ. ಬ್ರಿಟನ್ನಿನಲ್ಲಿ ವಿಲಿಯಂ ಫ್ಲೆಮಿಂಗ್ 233 ಸಂಸ್ಥೆಗಳ 46 ಸಾವಿರಕ್ಕೂ ಹೆಚ್ಚು ಉದ್ಯೋಗಿಗಳ ಉತ್ತರಗಳನ್ನು ನೋಡಿ 2024ರಲ್ಲಿ ಬರೆದರು. ಇಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರ ಸ್ಥಿತಿ ಭಾಗವಹಿಸದವರಿಗಿಂತ ಹೆಚ್ಚೇನೂ ಚೆನ್ನಾಗಿರಲಿಲ್ಲ. (ಆಸ್ಪತ್ರೆ ಮಾತ್ರ ಅಲ್ಲ, ಎಲ್ಲ ಥರದ ಕೆಲಸದವರೂ ಅದರಲ್ಲಿದ್ದರು.) ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ವಾರ್ಡಿನಲ್ಲಿ ಭಯಾನಕ ಘಟನೆ ನಡೆದ ಕೂಡಲೇ ಅಲ್ಲಿದ್ದವರನ್ನೆಲ್ಲ ಕೂರಿಸಿ ಒಂದೇ ಸಲ 'ಆದದ್ದನ್ನೆಲ್ಲ ಹೇಳಿಬಿಡಿ' ಅನ್ನುವ ಪದ್ಧತಿ ಒಂದು ಕಾಲಕ್ಕೆ ಎಲ್ಲೆಡೆ ಇತ್ತು. 2002ರಲ್ಲಿ ಕಾಕ್ರೇನ್ ಸಂಸ್ಥೆ ಇದ್ದ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ಆಘಾತ ಕಂಡವರಿಗೆ ಇಂಥ ಒಂದೇ ಸಲದ ಮಾತುಕತೆಯಿಂದ ಪ್ರಯೋಜನ ಕಾಣಲಿಲ್ಲ, ಕೆಲವರಿಗೆ ಹಾನಿಯೂ ಆಗಿರಬಹುದು ಅಂತ ಕಂಡಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ನೋಯಿಸಬಹುದು, ಅದಕ್ಕೇ ಅಳೆದು ನೋಡಬೇಕು.

ಹಾಗಾದರೆ ಕೆಲಸ ಮಾಡಿದ್ದು ಏನಾದರೂ ಇದೆಯಾ? ಇದೆ. ಸೇಫ್‌ವಾರ್ಡ್ಸ್ ಅಂತ ಅದರ ಹೆಸರು. ಇಂಗ್ಲೆಂಡಿನಲ್ಲಿ ಮಾನಸಿಕ ನರ್ಸಿಂಗ್ ಪ್ರೊಫೆಸರ್ ಆಗಿದ್ದ ಲೆನ್ ಬವರ್ಸ್ ಮತ್ತು ತಂಡದ ಕೆಲಸ. ಮಾನಸಿಕ ರೋಗಿಗಳ ವಾರ್ಡಿನಲ್ಲಿ ಜಗಳ, ಹೊಡೆದಾಟ, ತಮಗೆ ತಾವೇ ಗಾಯ ಮಾಡಿಕೊಳ್ಳುವುದು, ಓಡಿ ಹೋಗುವುದು ಇವೆಲ್ಲ ನಡೆಯುತ್ತವೆ. ಅದಕ್ಕೆ ಉತ್ತರವಾಗಿ ಸಿಬ್ಬಂದಿ ಹಿಡಿದು ಹಾಕುವುದು, ಒಂಟಿ ಕೋಣೆಗೆ ಕಳಿಸುವುದು, ಬಲವಂತವಾಗಿ ಇಂಜೆಕ್ಷನ್ ಕೊಡುವುದು ಮಾಡುತ್ತಾರೆ. ಇದರಲ್ಲಿ ಪೇಶೆಂಟ್ ಕೂಡ ಮುರಿದು ಹೋಗುತ್ತಾರೆ, ನರ್ಸ್ ಕೂಡ. ಬವರ್ಸ್ ತಂಡ ಕೇಳಿದ್ದು, ಒಂದೇ ಥರದ ಪೇಶೆಂಟ್‌ಗಳಿದ್ದರೂ ಒಂದು ವಾರ್ಡ್ ಶಾಂತವಾಗಿರುತ್ತದೆ, ಇನ್ನೊಂದು ದಿನಾ ಹೊತ್ತಿ ಉರಿಯುತ್ತದೆ, ಯಾಕೆ?

ಅವರು ಹತ್ತು ಸಣ್ಣ ಸಣ್ಣ ಕೆಲಸ ಸೂಚಿಸಿದರು. ಮನೆಯಿಂದ ಕೆಟ್ಟ ಸುದ್ದಿ ಬಂದಿರಬಹುದಾದ ಪೇಶೆಂಟ್ ಯಾರು ಅಂತ ಮೊದಲೇ ಗಮನಿಸಿ, ಸಿಡಿಯುವ ಮೊದಲೇ ಹೋಗಿ ಪಕ್ಕದಲ್ಲಿ ಕೂರುವುದು. 'ಇಲ್ಲ, ಆಗಲ್ಲ' ಅನ್ನಬೇಕಾದಾಗ ಅದನ್ನು ಮೆತ್ತಗೆ ಹೇಳುವ ಬಗೆ. ಹ್ಯಾಂಡೋವರ್ ಕೊಡುವಾಗ ಪ್ರತಿ ಪೇಶೆಂಟ್ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳುವುದು. ಸಿಬ್ಬಂದಿ ಮತ್ತು ಪೇಶೆಂಟ್‌ಗಳು ತಮಗೆ ಯಾವ ಆಟ ಇಷ್ಟ, ಯಾವ ಸಂಗೀತ ಇಷ್ಟ ಅಂತ ಬರೆದು ಎಲ್ಲರಿಗೂ ಕಾಣುವ ಹಾಗೆ ಇಡುವುದು. ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಡಿಸ್ಚಾರ್ಜ್ ಆಗಿ ಹೊರಡುವ ಪೇಶೆಂಟ್ ಒಂದು ಚೀಟಿಯಲ್ಲಿ ಹೊಸದಾಗಿ ಬರುವವರಿಗೆ ನಾಲ್ಕು ಮಾತು ಬರೆದು ವಾರ್ಡಿನಲ್ಲಿ ಬಿಟ್ಟು ಹೋಗುತ್ತಾರೆ. ಮೊದಲ ರಾತ್ರಿ ಹೆದರಿ ಕೂತಿರುವವರಿಗೆ ಯಾವ ಡಾಕ್ಟರ ಮಾತಿಗಿಂತಲೂ ಆ ಚೀಟಿ ಹತ್ತಿರ ಅನ್ನಿಸುವುದು ಸಹಜ, ಯಾಕೆಂದರೆ ಬರೆದವರು ಅದೇ ಮಂಚದ ಮೇಲೆ ಮಲಗಿದ್ದವರು.

ಪರೀಕ್ಷೆ ಮಾಡಿದ್ದು ಹೀಗೆ. 15 ಆಸ್ಪತ್ರೆಗಳ 31 ವಾರ್ಡ್‌ಗಳನ್ನು ತೆಗೆದುಕೊಂಡು, ಯಾವ ವಾರ್ಡಿಗೆ ಈ ಹತ್ತು ಕೆಲಸ ಅಂತ ಚೀಟಿ ಎತ್ತಿದ ಹಾಗೆ ಆರಿಸಿದರು. ಮಿಕ್ಕ ವಾರ್ಡ್‌ಗಳನ್ನು ಸುಮ್ನೆ ಬಿಡಲಿಲ್ಲ, ಅಲ್ಲಿನ ಸಿಬ್ಬಂದಿಯ ದೈಹಿಕ ಆರೋಗ್ಯಕ್ಕೆ ಬೇರೆ ಕಾರ್ಯಕ್ರಮ ಕೊಟ್ಟರು. ಯಾಕೆಂದರೆ ಹೊರಗಿನವರು ಬಂದು ಗಮನ ಕೊಟ್ಟರೆ ಅಷ್ಟಕ್ಕೇ ಎಲ್ಲರೂ ಸ್ವಲ್ಪ ಚುರುಕಾಗುತ್ತಾರೆ. ಆ ಲಾಭ ಎರಡೂ ಕಡೆ ಸಮನಾಗಿರಬೇಕು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಘರ್ಷಣೆ 15% ಕಡಿಮೆ, ಹಿಡಿದು ಹಾಕುವಂಥ ಬಲಪ್ರಯೋಗದ ಕ್ರಮಗಳು 26% ಕಡಿಮೆ. ಘಟನೆಗಳನ್ನು ಪಟ್ಟಿ ಮಾಡಿದ್ದು ವಾರ್ಡಿನ ಸಿಬ್ಬಂದಿಯೇ ಅನ್ನುವುದು ಇದರ ಒಂದು ದುರ್ಬಲ ಕೊಂಡಿ, ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ವಾರ್ಡ್‌ಗಳನ್ನೇ ಯಾಕೆ ಆರಿಸಿದರು, ಒಬ್ಬೊಬ್ಬ ನರ್ಸನ್ನು ಯಾಕೆ ಅಲ್ಲ? ಇದೇ ಪ್ರಶ್ನೆ ಶಾಲೆಗಳಲ್ಲೂ ಬರುತ್ತದೆ. ಒಂದೇ ಕ್ಲಾಸಿನ ಅರ್ಧ ಮಕ್ಕಳಿಗೆ ಏನೋ ಕಲಿಸಿದರೆ ಸಂಜೆಯೊಳಗೆ ಮಿಕ್ಕವರಿಗೂ ಗೊತ್ತಾಗಿರುತ್ತದೆ. ಆಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ. ಅದಕ್ಕೇ ಇಡೀ ಶಾಲೆಯನ್ನೇ ಒಂದು ಘಟಕವಾಗಿ ಆರಿಸುತ್ತಾರೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದು ಶಾಲೆಯ ಮಕ್ಕಳು ಎಷ್ಟೋ ವಿಷಯದಲ್ಲಿ ಒಂದೇ ಥರ ಇರುತ್ತಾರೆ, ಹಾಗಾಗಿ ಎರಡು ಶಾಲೆಯಿಂದ ಸಾವಿರ ಮಕ್ಕಳನ್ನು ತಂದರೂ ಅದು ನೂರು ಶಾಲೆಯ ಸಾವಿರ ಮಕ್ಕಳಿಗೆ ಸಮ ಅಲ್ಲ. 'ಸಾವಿರ ಮಕ್ಕಳ ಮೇಲೆ ಪರೀಕ್ಷಿಸಿದ್ದು' ಅಂತ ಓದಿದರೆ ಎಷ್ಟು ಶಾಲೆ ಅಂತ ಮೊದಲು ಹುಡುಕಿ.

ಶಾಲೆಗೆ ನರ್ಸ್ ಬಂದದ್ದು ಮನಸ್ಸಿನ ಕಾರಣಕ್ಕಲ್ಲ. 1902ರಲ್ಲಿ ನ್ಯೂಯಾರ್ಕಿನಲ್ಲಿ ಲೀನಾ ರೋಜರ್ಸ್ ಎಂಬ ನರ್ಸನ್ನು ನಾಲ್ಕು ಶಾಲೆಗಳಿಗೆ ಹಾಕಿದರು, ಅಂಟುರೋಗ ಅಂತ ಮನೆಗೆ ಕಳಿಸಿದ ಮಕ್ಕಳು ಓದು ಬಿಟ್ಟು ಕೂರಬಾರದು ಅಂತ. ಈಗ ಅದೇ ರೂಮಿಗೆ ಬರುವ ತಲೆನೋವು, ಹೊಟ್ಟೆನೋವುಗಳ ಹಿಂದೆ ಆತಂಕ, ಮನೆಯ ಜಗಳ, ಕ್ಲಾಸಿನಲ್ಲಿ ಕಾಡಿಸುವವರು ಇರುತ್ತಾರೆ. 2021ರಲ್ಲಿ ಪ್ರಕಟವಾದ, ಜಗತ್ತಿನ ನಾನಾ ಕಡೆಯ ಅಧ್ಯಯನಗಳನ್ನು ಕೂಡಿಸಿದ ಲೆಕ್ಕದ ಪ್ರಕಾರ, ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು 14 ವರ್ಷ ತುಂಬುವ ಮೊದಲೇ ಶುರುವಾಗುತ್ತವೆ. ಶುರುವಾಗುವ ಹೊತ್ತಿಗೆ ಮಗು ಇರುವುದು ಶಾಲೆಯಲ್ಲಿ.

ಶಾಲೆಯಲ್ಲೇ ತಡೆಯೋಣ ಅಂತ ಎಲ್ಲರಿಗೂ ಅನ್ನಿಸುವುದು ಸರಿಯೇ. ಹೇಗೆ ಅನ್ನುವಲ್ಲಿ ಪೆಟ್ಟು ಬಿದ್ದಿದೆ. ಬ್ರಿಟನ್ನಿನಲ್ಲಿ 85 ಶಾಲೆಗಳ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮಿರಿಯಾಡ್ ಪ್ರಯೋಗದಲ್ಲಿ ಟೀಚರ್‌ಗಳಿಗೆ ಧ್ಯಾನದ ತರಬೇತಿ ಕೊಟ್ಟು, ಅವರಿಂದ ಮಕ್ಕಳಿಗೆ ಕಲಿಸಿದರು. 2022ರಲ್ಲಿ ಫಲಿತಾಂಶ ಬಂತು. ಮಕ್ಕಳ ಮಾನಸಿಕ ಆರೋಗ್ಯದಲ್ಲಿ ಮಾಮೂಲಿ ಪಾಠ ನಡೆದ ಶಾಲೆಗಳಿಗಿಂತ ಹೆಚ್ಚೇನೂ ಸುಧಾರಣೆ ಇಲ್ಲ. ಅದೇ ದೇಶದ 25 ಪ್ರೌಢಶಾಲೆಗಳಲ್ಲಿ ಟೀಚರ್‌ಗಳಿಗೆ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿ ಮತ್ತು ಪರಸ್ಪರ ಬೆಂಬಲದ ವ್ಯವಸ್ಥೆ ಕೊಟ್ಟ ಇನ್ನೊಂದು ಪ್ರಯೋಗದಲ್ಲೂ (2021) ಟೀಚರ್‌ಗಳ ನೆಮ್ಮದಿ ಬದಲಾಗಲಿಲ್ಲ.

ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ, 11 ಸಾವಿರಕ್ಕೂ ಹೆಚ್ಚು ಹದಿಹರೆಯದ ಮಕ್ಕಳೊಂದಿಗೆ ನಡೆದ ಸೇಲೆ ಪ್ರಯೋಗ ಇನ್ನೂ ಹೆಚ್ಚು ಕಲಿಸುತ್ತದೆ. ಮಕ್ಕಳ ಆತ್ಮಹತ್ಯೆ ಯತ್ನ ತಡೆಯಲು ಮೂರು ದಾರಿ ಪರೀಕ್ಷಿಸಿದರು. ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಲು ಟೀಚರ್‌ಗಳಿಗೆ ತರಬೇತಿ ಒಂದು, ಪ್ರಶ್ನೆಪಟ್ಟಿಯಿಂದ ಸೋಸಿ ತಜ್ಞರ ಬಳಿ ಕಳಿಸುವುದು ಇನ್ನೊಂದು. ಮೂರನೆಯದರಲ್ಲಿ ತರಬೇತಿ ಪಡೆದ ಹೊರಗಿನವರು ಕ್ಲಾಸಿಗೆ ಬಂದು, ನಾಲ್ಕು ವಾರದಲ್ಲಿ ಒಟ್ಟು ಐದು ಗಂಟೆ ಮಕ್ಕಳ ಜೊತೆ ಕಳೆಯುತ್ತಿದ್ದರು. ಅದರಲ್ಲಿ ಮೂರು ಗಂಟೆ ಮಕ್ಕಳೇ ಸಣ್ಣ ಸಣ್ಣ ಸನ್ನಿವೇಶಗಳನ್ನು ಅಭಿನಯಿಸಿ ಮಾತಾಡುವುದು. ಮೂರು ತಿಂಗಳ ನಂತರ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ವರ್ಷದ ನಂತರ ಕಂಡಿತು: ಈ ಮೂರನೇ ಗುಂಪಿನಲ್ಲಿ ಹೊಸದಾಗಿ ಯತ್ನಿಸಿದವರು 0.70%, ಹೋಲಿಕೆಯ ಗುಂಪಿನಲ್ಲಿ 1.51%. ಅರ್ಧಕ್ಕೂ ಕಡಿಮೆ. ಮಿಕ್ಕ ಎರಡು ದಾರಿಗಳಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಶುರುವಿನಲ್ಲೇ ತುರ್ತು ಅಪಾಯದಲ್ಲಿದ್ದಾರೆ ಅಂತ ಕಂಡ ಮಕ್ಕಳನ್ನು, ಯಾವ ಗುಂಪಿನವರೇ ಆಗಲಿ, ಕೂಡಲೇ ಚಿಕಿತ್ಸೆಗೆ ಕಳಿಸಿದರು. ಮಕ್ಕಳ ಮೇಲಿನ ಸಂಶೋಧನೆಯಲ್ಲಿ ಇದಕ್ಕೆ ರಾಜಿ ಇಲ್ಲ.

ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದ ಸೆಹರ್ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಕಾರ್ಯಕ್ರಮ ಒಂದೇ. ಕೆಲವು ಶಾಲೆಗಳಲ್ಲಿ ಅದನ್ನು ನಡೆಸಿದ್ದು ಅಲ್ಲಿನ ಟೀಚರ್, ಇನ್ನು ಕೆಲವು ಕಡೆ ಅದಕ್ಕೆಂದೇ ನೇಮಿಸಿದ, ಮನೋವೈದ್ಯರಲ್ಲದ, ಸಾಮಾನ್ಯ ತರಬೇತಿ ಪಡೆದ ಕೌನ್ಸೆಲರ್. ಕೌನ್ಸೆಲರ್ ಇದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಮಕ್ಕಳಲ್ಲಿ ಖಿನ್ನತೆ ಕಡಿಮೆಯಾಯಿತು, ಕಾಡಿಸುವುದು ಮತ್ತು ಹೊಡೆದಾಟ ಕಡಿಮೆಯಾದವು. ಟೀಚರ್ ನಡೆಸಿದ ಕಡೆ ಏನೂ ಆಗಲಿಲ್ಲ. ಟೀಚರ್‌ಗೆ ಪ್ರೀತಿ ಕಡಿಮೆ ಅಂತ ಇದರ ಅರ್ಥ ಅಲ್ಲ. ಪಾಠ, ಪರೀಕ್ಷೆ, ಪೇಪರ್ ತಿದ್ದುವುದು ಇವುಗಳ ಮೇಲೆ ಇದೂ ಒಂದು ಹೊರೆ ಬಂದರೆ ಅವರಾದರೂ ಏನು ಮಾಡುತ್ತಾರೆ? ಜೊತೆಗೆ, ನಾಳೆ ತನ್ನ ಉತ್ತರಪತ್ರಿಕೆ ತಿದ್ದುವವರ ಮುಂದೆ ಮಗು ಎಷ್ಟು ಬಾಯಿ ಬಿಟ್ಟೀತು? ಇದು ನನ್ನ ಊಹೆ, ಆದರೆ ಮೇಲಿನ ಪ್ರಯೋಗಗಳನ್ನು ಒಟ್ಟಿಗೆ ಓದಿದವರಿಗೆ ಹಾಗೆ ಅನ್ನಿಸದೆ ಇರುವುದಿಲ್ಲ. ಆಗಲೇ ಭಾರ ಹೊತ್ತವರ ತಲೆ ಮೇಲೆ ಇನ್ನೊಂದು ಮೂಟೆ ಇಟ್ಟ ಕಡೆ ಫಲ ಸಿಗಲಿಲ್ಲ. ಅದೇ ಕೆಲಸಕ್ಕೆ ಅಂತ ಕೈಯಲ್ಲಿ ಸಮಯ ಇರುವ ಒಬ್ಬರು ಬಂದ ಕಡೆ ಸಿಕ್ಕಿತು.

ಒಂದು ಭಯದ ಬಗ್ಗೆ ಹೇಳಲೇಬೇಕು. 'ಸಾಯಬೇಕು ಅನ್ನಿಸುತ್ತಾ' ಅಂತ ಮಗುವನ್ನು ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ತುಂಬ ಜನ ಸುಮ್ಮನಾಗುತ್ತಾರೆ. ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳಲ್ಲಿ 2,300ಕ್ಕೂ ಹೆಚ್ಚು ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆ ಪ್ರಶ್ನೆ ಕೇಳಿ, ಇನ್ನೊಂದಕ್ಕೆ ಕೇಳದೆ ನೋಡಿದ ಅಧ್ಯಯನ 2005ರಲ್ಲಿ ಬಂದಿದೆ. ಕೇಳಿಸಿಕೊಂಡ ಮಕ್ಕಳಲ್ಲಿ ಸಂಕಟವಾಗಲಿ ಆ ಯೋಚನೆಯಾಗಲಿ ಹೆಚ್ಚಾಗಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದ ಮಕ್ಕಳಲ್ಲೂ ಹೆಚ್ಚಾಗಲಿಲ್ಲ. ಹಾಗಾಗಿ ಮಗುವಿನ ಬಗ್ಗೆ ಅನುಮಾನ ಬಂದರೆ ಕೇಳಿ. ನೇರವಾಗಿ, ಮೆತ್ತಗೆ, ಬಾಗಿಲು ಮುಂದೆ ಮಾಡಿ ಕೇಳಿ. ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಅಲ್ಲೇ ಇರಿ, ಆಮೇಲೆ ಒಬ್ಬರೇ ಹೊತ್ತುಕೊಳ್ಳದೆ ತಜ್ಞರ ಹತ್ತಿರ ಕರೆದುಕೊಂಡು ಹೋಗಿ.

ಆ ಹೊಟ್ಟೆನೋವಿನ ಹುಡುಗಿಯ ರೂಮಿಗೆ ವಾಪಸ್ ಬರುತ್ತೇನೆ. ಅಲ್ಲಿನ ರಿಜಿಸ್ಟರಿನಲ್ಲಿ ಹೆಸರು, ತರಗತಿ, ತೊಂದರೆ, ಕೊಟ್ಟ ಮಾತ್ರೆ ಇವಕ್ಕೆ ಕಾಲಂ ಇದೆ. ನರ್ಸ್ ಇಪ್ಪತ್ತು ನಿಮಿಷ ಕೂತು ಕೇಳಿಸಿಕೊಂಡರೆ, ಮಾತ್ರೆ ಕೊಡದ ಕಾರಣ ಕೊನೆಯ ಕಾಲಂ ಖಾಲಿ ಉಳಿಯುತ್ತದೆ. ವರ್ಷದ ಕೊನೆಗೆ ಲೆಕ್ಕ ನೋಡುವವರಿಗೆ ಅವತ್ತು ಅಲ್ಲಿ ಏನೂ ನಡೆದಿಲ್ಲ ಅಂತಲೇ ಕಾಣುತ್ತದೆ. ಶಾಲೆಯ ನರ್ಸ್‌ಗಳ ಕೆಲಸ ಅಧ್ಯಯನ ಮಾಡಬೇಕು ಅಂತ ಹೊರಡುವವರಿಗೆ ನನ್ನ ಕೋರಿಕೆ ಒಂದೇ. ಪ್ರಶ್ನೆಪಟ್ಟಿ ಹಂಚುವ ಮೊದಲು ಒಂದು ವಾರ ಆ ರೂಮಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಯಾರು ಬಂದರು, ಎಷ್ಟು ಹೊತ್ತು ಇದ್ದರು, ನರ್ಸ್ ಎಷ್ಟು ಸಲ ಮಾತಿನ ಮಧ್ಯೆ ಎದ್ದು ಹೋಗಬೇಕಾಯಿತು ಅಂತ ಬರೆದುಕೊಳ್ಳಿ. ಆಮೇಲೆ ಆ ರಿಜಿಸ್ಟರಿಗೆ ಒಂದು ಕಾಲಂ ಹೆಚ್ಚಿಗೆ ಗೆರೆ ಹಾಕಿಸಿ, 'ಮಾತಾಡಿದ ಸಮಯ' ಅಂತ.